ಒಂದು ಚಮಚೆ ನೀರಿಗೆ ಎರಡು ದಿನದ ರಜೆ

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಒಂದು ಕಳ್ಳತನ ನಡೆಯಿತು. ಕಳ್ಳ ನಾನೇ. ಕದ್ದ ಮಾಲು ಒಂದು ಲೋಟ ನೀರು.

ನನ್ನದೇ ಮನೆ, ನನ್ನದೇ ಬಾವಿ, ಬೆಳಿಗ್ಗೆ ನಾನೇ ಸೇದಿಟ್ಟ ನೀರು. ಆದರೂ ಅಡಿಗೆಮನೆಗೆ ಬೆಕ್ಕಿನ ಹಾಗೆ ಹೋಗಿ, ಹೂಜಿಯ ಮುಚ್ಚಳವನ್ನು ಸದ್ದಾಗದಂತೆ ಎತ್ತಿ, ಲೋಟವನ್ನು ಪಂಚೆಯ ಮರೆಯಲ್ಲಿ ಹಿಡಿದು ತಂದೆ. ಮೂವತ್ತನಾಲ್ಕು ವರ್ಷದ ಗಂಡಸು. ಬಂದರಿನ ಒಂದು ಹಡಗು ಏಜೆಂಟರ ಕಚೇರಿಯಲ್ಲಿ ಗುಮಾಸ್ತ. ವಾರಕ್ಕೊಮ್ಮೆ ಈ ಅಂಕಣದಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವವನು (ನೀವೂ ಅದನ್ನು ಸಹಿಸಿಕೊಂಡು ಬಂದಿದ್ದೀರಿ). ಅಂಥವನಿಗೆ ಈ ಗತಿ ಯಾಕೆ ಬಂತು?

ನನ್ನ ನಾಲ್ಕು ವರ್ಷದ ಮಗಳು ವಿಮಲಳಿಗೆ ಅಂದು ಬೆಳಿಗ್ಗೆಯಿಂದ ಭೇದಿ. ಮಧ್ಯಾಹ್ನದೊಳಗೆ ಏಳು ಸಲ ಆಗಿತ್ತು. ಹೆಂಡತಿ ಲೀಲಾ ಎರಡನೆಯ ಹೆರಿಗೆಗೆಂದು ತೊಕ್ಕೊಟ್ಟಿನ ತವರುಮನೆಗೆ ಹೋಗಿ ತಿಂಗಳಾಗಿದೆ. ದಿನ ತುಂಬಿದ ಬಸುರಿ, ಹೊಳೆಯಾಚೆ ಇದ್ದಾಳೆ, ಹೇಳಿ ಕಳಿಸಿ ಅವಳನ್ನು ಹೆದರಿಸುವುದು ಬೇಡವೆಂದು ಸುಮ್ಮನಿದ್ದೆ. (ಇದನ್ನು ಓದುವಾಗಲೇ ಅವಳಿಗೆ ವಿಷಯ ಗೊತ್ತಾಗುವುದು. ಬೈಗಳು ನಿಶ್ಚಿತ.) ಅವಳು ಬರುವವರೆಗೆ ಮನೆ ನೋಡಿಕೊಳ್ಳಲು ಬೈಕಂಪಾಡಿಯಿಂದ ನನ್ನ ಅಕ್ಕ ಬಂದಿದ್ದಾಳೆ. ಅಕ್ಕನೆಂದರೆ ಬರೀ ಅಕ್ಕನಲ್ಲ. ತಾಯಿ ಹೋದ ಮೇಲೆ ನನ್ನನ್ನು ಸೊಂಟದಲ್ಲಿ ಹೊತ್ತು ಸಾಕಿದವಳು. ಗದ್ದೆ, ಹಟ್ಟಿ, ಆಳುಗಳು, ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ವಿಧವೆ.

ಆ ಅಕ್ಕ ಅಂದು ಒಂದು ಕಾನೂನು ಹೊರಡಿಸಿದಳು. ಭೇದಿ ನಿಲ್ಲುವವರೆಗೆ ಮಗುವಿಗೆ ನೀರಿಲ್ಲ.

ಕಾರಣವನ್ನೂ ಹೇಳಿದಳು. ಒಳಗೆ ಹೋದದ್ದೆಲ್ಲ ಹೊರಗೆ ಬರುತ್ತಿದೆ, ಒಳಗೆ ಹಾಕುವುದನ್ನೇ ನಿಲ್ಲಿಸಿದರೆ ಹೊರಗೆ ಬರುವುದಕ್ಕೆ ಏನಿರುತ್ತದೆ? ಲೆಕ್ಕ ಸರಿಯಾಗಿಯೇ ಇತ್ತು. ನಾನೂ ತಲೆಯಾಡಿಸಿದೆ.

ಅಕ್ಕನನ್ನು ದಡ್ಡಿಯೆಂದು ತಿಳಿಯಬೇಡಿ. ನೆಗಡಿಗೆ ಅವಳು ಮಾಡುವ ಕರಿಮೆಣಸಿನ ಕಷಾಯ, ಮಗುವಿನ ಕೆಮ್ಮಿಗೆ ಸಾಂಬಾರಬಳ್ಳಿಯ ಎಲೆ ಬಾಡಿಸಿ ಹಿಂಡುವ ರಸ, ಕಾಲು ಉಳುಕಿದರೆ ಕಟ್ಟುವ ಪಟ್ಟಿ, ಇವುಗಳಿಂದಲೇ ನಾನು ದೊಡ್ಡವನಾದದ್ದು. ನೂರಕ್ಕೆ ತೊಂಬತ್ತು ವಿಷಯದಲ್ಲಿ ಅವಳ ಮಾತಿಗೆ ಎದುರಿಲ್ಲ. ತೊಂದರೆ ಇರುವುದು ಉಳಿದ ಹತ್ತರಲ್ಲಿ. ಅದನ್ನು ಹೇಳುವ ಧೈರ್ಯ ಯಾರಿಗಿದೆ?

ಮಧ್ಯಾಹ್ನ ಮಗುವಿನ ಮೈ ಸ್ವಲ್ಪ ಬಿಸಿಯಾಯಿತು. ಅಕ್ಕ ಒದ್ದೆ ಬಟ್ಟೆಯನ್ನು ಅವಳ ಹಣೆಗೆ ಹಾಕಿ ಒಲೆಯ ಕಡೆಗೆ ಹೋದಳು. ನಾನು ಹತ್ತಿರ ಕೂತಿದ್ದೆ. ವಿಮಲ ಮೆಲ್ಲಗೆ ಕೈ ಎತ್ತಿ ಹಣೆಯ ಬಟ್ಟೆಯನ್ನು ಬಾಯಿಗೆ ಎಳೆದುಕೊಂಡಳು. ಆಟವಾಡುತ್ತಿದ್ದಾಳೆ ಎಂದುಕೊಂಡೆ. ಮತ್ತೆ ಅವಳ ಗಂಟಲನ್ನು ನೋಡಿದೆ. ಅದು ಮೇಲೆ ಕೆಳಗೆ ಆಡುತ್ತಿತ್ತು.

ಮಗು ಬಟ್ಟೆ ಚೀಪಿ ನೀರು ಕುಡಿಯುತ್ತಿತ್ತು.

ಆಗಲೇ ನಾನು ಎದ್ದು ಆ ಕಳ್ಳತನ ಮಾಡಿದ್ದು. ಲೋಟ ಬಾಯಿಗಿಟ್ಟದ್ದೇ ತಡ, ಅವಳು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಕುಡಿದು ಮುಗಿಸಿದಳು. ನನಗೆ ಎಂಥ ಸಂತೋಷ! ಎಷ್ಟು ಹೊತ್ತಿನ ಸಂತೋಷ? ಐದು ನಿಮಿಷದ್ದು. ಕುಡಿದದ್ದೆಲ್ಲ ವಾಂತಿಯಾಗಿ ಹಾಸಿಗೆಯ ಮೇಲೆ ಬಂತು. ಸದ್ದು ಕೇಳಿ ಅಕ್ಕ ಬಾಗಿಲಲ್ಲಿ ನಿಂತಳು. ಲೋಟ ನೋಡಿದಳು, ಹಾಸಿಗೆ ನೋಡಿದಳು, ನನ್ನನ್ನು ನೋಡಿದಳು.

"ಈಗ ಆಯಿತಾ?" ಎಂದಳು. ಅಷ್ಟೇ.

ಹಾಸಿಗೆಯ ಬಟ್ಟೆಯನ್ನು ಬಾವಿಕಟ್ಟೆಗೆ ಒಯ್ದು ಒಗೆಯತೊಡಗಿದೆ. ಬಿಜೈಯಲ್ಲಿ ನಮ್ಮ ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಆಚೆಯದು ಮುಸಲ್ಮಾನರ ಮನೆ, ಐಸಮ್ಮನದು. ಅವರ ಗಂಡನಿಗೆ ಬಂದರಿನಲ್ಲಿ ಒಣಮೆಣಸಿನ ವ್ಯಾಪಾರ. ಏಳು ಮಕ್ಕಳು, ಏಳೂ ಗಟ್ಟಿಮುಟ್ಟು. ಐದು ವರ್ಷದಿಂದ ನೆರೆಕರೆಯವರಾದರೂ ಅವರ ಮನೆಯ ಪಾತ್ರೆ ನಮ್ಮ ಅಡಿಗೆಮನೆಯ ಹೊಸ್ತಿಲು ದಾಟಿದ್ದಿಲ್ಲ, ನಮ್ಮದು ಅವರದ್ದನ್ನು ದಾಟಿದ್ದಿಲ್ಲ. ಊರಿನ ರೀತಿ ನಿಮಗೂ ಗೊತ್ತು.

ಗಂಡಸು ಬಟ್ಟೆ ಒಗೆಯುವುದನ್ನು ಕಂಡು ಐಸಮ್ಮ ಗೋಡೆಯ ಹತ್ತಿರ ಬಂದು ವಿಚಾರಿಸಿದರು. ನಾನು ಎಲ್ಲ ಹೇಳಿದೆ, ನೀರು ಕದ್ದದ್ದನ್ನೂ ಸೇರಿಸಿ. ಅವರು ನಗಲಿಲ್ಲ. (ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ರುಚಿ ಹೋಗಿದೆ.)

"ಅಣ್ಣೇರೇ, ಗ್ಲಾಸಲ್ಲಿ ಕೊಟ್ಟರೆ ಮಗು ಕಾರದೆ ಎಂತ ಮಾಡ್ತದೆ? ಚಮಚೆಯಲ್ಲಿ ಕೊಡಿ. ಒಂದು ಚಮಚೆ ಕೊಟ್ಟು ಸ್ವಲ್ಪ ಸುಮ್ಮನೆ ಕೂತುಕೊಳ್ಳಿ. ಮತ್ತೊಂದು ಚಮಚೆ. ಕಾರಿದರೆ ಸ್ವಲ್ಪ ಬಿಟ್ಟು ಪುನಃ ಸುರು ಮಾಡಿ. ಹೊಟ್ಟೆಯಿಂದ ನೀರು ಹೋಗ್ತಾ ಉಂಟಲ್ಲ, ಅದನ್ನು ವಾಪಸು ಹಾಕುವವರು ಯಾರು?"

ಬರೀ ನೀರಿಗಿಂತ ಗಂಜಿಯ ತಿಳಿ ಒಳ್ಳೆಯದಂತೆ. ಅನ್ನ ಚೆನ್ನಾಗಿ ಬೇಯಬೇಕು, ತಿಳಿ ತೆಳ್ಳಗಿರಬೇಕು, ಅದಕ್ಕೆ ಒಂದು ಚಿಟಿಕೆ ಉಪ್ಪು. ಕಣ್ಣೀರಿಗಿಂತ ಜಾಸ್ತಿ ಉಪ್ಪಾಗಬಾರದು, ನೀವೇ ರುಚಿ ನೋಡಿ ಎಂದರು. ನಡುನಡುವೆ ಕುದಿಸಿ ಆರಿಸಿದ ನೀರು, ಸಿಕ್ಕಿದರೆ ಎಳನೀರು. ಕೈ ಸಾಬೂನಿನಲ್ಲಿ ತೊಳೆದಿರಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಹೇಳಿದರು. ಭೇದಿ ಎಷ್ಟು ಸಲವಾಯಿತೆಂದು ಲೆಕ್ಕ ಹಾಕುತ್ತ ಕೂರಬೇಡಿ, ಮೂತ್ರ ಹೋಗುತ್ತಿದೆಯೇ ನೋಡಿ. ಅದು ನಿಂತರೆ, ಅಥವಾ ಭೇದಿಯಲ್ಲಿ ರಕ್ತ ಕಂಡರೆ, ಅಥವಾ ಕರೆದರೆ ಕಣ್ಣು ತೆರೆಯದಿದ್ದರೆ, ನನ್ನ ಮಾತೂ ಬೇಡ, ನಿಮ್ಮ ಅಕ್ಕನ ಮಾತೂ ಬೇಡ. ಸೀದಾ ಆಸ್ಪತ್ರೆಗೆ ಹೋಗಿ.

ನಾನು ಒಳಗೆ ಹೋಗಿ ಗಂಜಿ ಬೇಯಿಸಲು ಒಲೆಯ ಮುಂದೆ ಕೂತೆ. ಅಕ್ಕ ಕೇಳಿದಳು, ಹೇಳಿದೆ. ಯಾರು ಹೇಳಿಕೊಟ್ಟದ್ದೆಂದೂ ಹೇಳಿದೆ. ಅವಳ ಮುಖ ಬಿಗಿಯಿತು.

"ಮಗುವಿಗೆ ಏನಾದರೂ ಆದರೆ ಲೀಲಾಳಿಗೆ ನೀನೇ ಉತ್ತರ ಹೇಳಬೇಕು" ಎಂದಳು.

"ಹೇಳ್ತೇನೆ ಅಕ್ಕ."

ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ಎದುರು ಮಾತಾಡಿದ್ದೆ. ಧ್ವನಿ ಗಟ್ಟಿಯಾಗಿತ್ತು. ಆದರೆ ಒಳಗಿನ ಮಾತು ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಯಾರು ಸರಿಯೆಂದು ನನಗೂ ಗೊತ್ತಿರಲಿಲ್ಲ. ಬಟ್ಟೆ ಚೀಪುವ ಆ ಬಾಯಿಯನ್ನು ಮಾತ್ರ ಇನ್ನೊಮ್ಮೆ ನೋಡಲಾರೆ ಎಂಬುದು ಗೊತ್ತಿತ್ತು.

ಅಂದು ಸಂಜೆಯೊಳಗೆ ಒಂದು ಬಟ್ಟಲು ತಿಳಿ ಹೊಟ್ಟೆಗೆ ಹೋಗಿ ನಿಂತಿತು. ಭೇದಿ ಮಾತ್ರ ನಿಲ್ಲಲಿಲ್ಲ. ಅಕ್ಕನ ಮುಖದಲ್ಲಿ 'ನಾನು ಹೇಳಲಿಲ್ಲವೇ' ಎಂಬ ಮಾತು ಬರೆದಿಟ್ಟ ಹಾಗಿತ್ತು.

ಮರುದಿನ ಸೋಮವಾರ. ಅಂದರೆ ಕಚೇರಿ.

ನಾನು ಹೋದರೆ ಚಮಚೆ ನಿಲ್ಲುತ್ತದೆ. ಇದರಲ್ಲಿ ಸಂಶಯವೇ ಇಲ್ಲ. ಅಕ್ಕನಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆಯಿದ್ದುದರಿಂದ ಅಲ್ಲ, ಜಾಸ್ತಿ ಇದ್ದುದರಿಂದಲೇ ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆ ಐಸಮ್ಮನನ್ನು ಕರೆದು, ಒಂದು ಗಂಟೆಯ ಮಟ್ಟಿಗೆ ನಮ್ಮ ಜಗಲಿಯಲ್ಲಿ ಮಗುವಿನ ಹತ್ತಿರ ಕೂತುಕೊಳ್ಳಿರೆಂದು ಕೇಳಿಕೊಂಡೆ. ಅವರು ಬಂದರು. ಅಕ್ಕ ಒಳಗಿನಿಂದ ಹೊರಗೆ ಬರಲಿಲ್ಲ. ನಾನು ರಜಾ ಅರ್ಜಿ ಹಿಡಿದು ಬಂದರಿಗೆ ಓಡಿದೆ.

ಅರ್ಜಿಯಲ್ಲಿ ಕಾರಣದ ಜಾಗದಲ್ಲಿ ಬರೆದಿದ್ದೆ: "ಮಗಳಿಗೆ ಭೇದಿ. ನಾನು ಆರೈಕೆ ಮಾಡಬೇಕಾಗಿದೆ."

ನಮ್ಮ ಹೆಡ್ ಕ್ಲಾರ್ಕ್ ಕೆಟ್ಟ ಮನುಷ್ಯರಲ್ಲ. ಕಾಗದವನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

"ಶೆಟ್ರೇ, ಇದೆಂತ ಬರ್ದದ್ದು? ದೊರೆಗಳ ಮೇಜಿಗೆ ಹೋಗುವ ಕಾಗದ ಇದು."

ಇದ್ದದ್ದನ್ನೇ ಬರೆದಿದ್ದೇನೆ ಎಂದೆ. ಮನೆಯಲ್ಲಿ ಹೆಂಗಸರು ಯಾರೂ ಇಲ್ಲವೇ ಎಂದು ಕೇಳಿದರು. ಅಕ್ಕ ಇದ್ದಾಳೆ ಎಂದೆ. ಹಾಗಾದರೆ ನಿಮಗೇನು ಕೆಲಸ ಎಂದರು. ಆಮೇಲೆ ಧ್ವನಿ ತಗ್ಗಿಸಿ ಒಂದು ಉಪಾಯ ಹೇಳಿದರು. ಮಗುವಿಗೆ ಒಂದು ಇಂಜೆಕ್ಷನ್ ಹೊಡೆಸಿ ಹನ್ನೊಂದಕ್ಕೆ ಬಂದುಬಿಡಿ. ಆಗದಿದ್ದರೆ ನಿಮಗೇ ಜ್ವರವೆಂದು ಬರೆಯಿರಿ, ಈಗಲೇ ಸಹಿ ಹಾಕಿಸುತ್ತೇನೆ.

ಓದುಗರೇ, ನಮ್ಮ ಕಚೇರಿಯ ರಜಾ ಪುಸ್ತಕವನ್ನು ನೀವೊಮ್ಮೆ ನೋಡಬೇಕು. ಬೆಳಗಾಗುವವರೆಗೆ ಯಕ್ಷಗಾನ ನೋಡಿ ನಿದ್ದೆಗೆಟ್ಟವನಿಗೆ 'ಹೊಟ್ಟೆನೋವು'. ಫುಟ್‌ಬಾಲ್ ಮ್ಯಾಚಿಗೆ ಹೋದವನಿಗೆ 'ಅಜ್ಜಿಯ ಉತ್ತರಕ್ರಿಯೆ' (ಒಬ್ಬರ ಅಜ್ಜಿ ಮೂರು ಸಲ ತೀರಿಕೊಂಡಿದ್ದಾರೆ). ಎಲ್ಲಕ್ಕೂ ಸಹಿ ಬಿದ್ದಿದೆ. ಸತ್ತ ಅಜ್ಜಿಗೆ ರಜೆ ಉಂಟು, ಬದುಕಿರುವ ಮಗಳಿಗೆ ಇಲ್ಲ. ಇದೆಂಥ ನ್ಯಾಯ?

"ನನಗೆ ಜ್ವರ ಇಲ್ಲ" ಎಂದೆ. ಅರ್ಜಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟು ಬಂದೆ.

ದಾರಿಯಲ್ಲಿ ಡಿಸ್ಪೆನ್ಸರಿಗೆ ಹೋದೆ. ಡಾಕ್ಟರು ಯಾವುದೋ ಹೆರಿಗೆಗೆ ಹೋಗಿದ್ದರು. ಸಂಜೆ ಐದಕ್ಕೆ ಮಗುವನ್ನು ಕರೆದುಕೊಂಡು ಬನ್ನಿ ಎಂದ ಕಂಪೌಂಡರ್.

ಮನೆ ಸೇರಿದಾಗ ಐಸಮ್ಮ ಎದ್ದು ನಿಂತು, ಮುಸುಕು ಸರಿಮಾಡಿಕೊಂಡು, ಬೆಳಿಗ್ಗೆಯಿಂದ ಮೂತ್ರ ಹೋಗಿಲ್ಲ ಎಂದರು. ಚಮಚೆ ಮಾತ್ರ ಬಿಡಬೇಡಿ. ನಾಲ್ಕು ಗಂಟೆಯ ಸುಮಾರಿಗೆ ಅಸರ್ ನಮಾಜಿನ ಬಾಂಗ್ ಕೇಳುವವರೆಗೆ ನೋಡೋಣ, ಅಷ್ಟರೊಳಗೆ ಹೋಗದಿದ್ದರೆ ಡಾಕ್ಟರಿಗೂ ಕಾಯುವುದು ಬೇಡ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಹೇಳಿ ತಮ್ಮ ಮನೆಗೆ ಹೋದರು.

ನಾನು ಜಟಕಾದವನಿಗೆ ಹೇಳಿ ಗಾಡಿಯನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕೂತೆ. ಅವಳ ಕಣ್ಣು ಗುಳಿಬಿದ್ದಿತ್ತು. ಅತ್ತರೆ ಸ್ವರ ಬರುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಒಂದು ಚಮಚೆ. ಸುಮ್ಮನೆ. ಮತ್ತೊಂದು ಚಮಚೆ. ಮಧ್ಯಾಹ್ನವೆಲ್ಲ ನನ್ನ ಲೋಕವೆಂದರೆ ಇಷ್ಟೇ. ಅಕ್ಕ ಬಾಗಿಲ ಹತ್ತಿರ ಗೋಡೆಗೊರಗಿ ಕೂತು ದೈವಕ್ಕೆ ಹರಕೆ ಹೇಳಿಕೊಳ್ಳುತ್ತಿದ್ದಳು. ನಾವಿಬ್ಬರೂ ಒಂದೇ ಮಗುವಿಗಾಗಿ ಹೆದರಿ ಕೂತಿದ್ದೆವು, ಒಬ್ಬರೊಂದಿಗೊಬ್ಬರು ಮಾತಿಲ್ಲ.

ಮೂರೂವರೆಯ ಹೊತ್ತಿಗೆ ಗೇಟು ಸದ್ದಾಯಿತು. ನಮ್ಮ ಕಚೇರಿಯ ಪ್ಯೂನ್ ಕೊರಗಪ್ಪ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಕೈಯಲ್ಲಿ ಟಪಾಲು ಪುಸ್ತಕ, ಅದರೊಳಗೆ ನನ್ನ ಹೆಸರಿಗೆ ಒಂದು ಮೆಮೊ. ಅನುಮತಿಯಿಲ್ಲದೆ ಗೈರುಹಾಜರಾದುದಕ್ಕೆ ಕಾರಣ ತಿಳಿಸಬೇಕಂತೆ. ಸಹಿ ಹಾಕಬೇಕು. ಮಗುವನ್ನು ಇಳಿಸಿ ಏಳುವ ಹಾಗಿರಲಿಲ್ಲ. ಸ್ವಲ್ಪ ಕೂತುಕೊಳ್ಳಿ ಎಂದೆ.

ಅವರು ಮೆಟ್ಟಿಲಲ್ಲಿ ಕೂತು ಟೊಪ್ಪಿ ತೆಗೆದರು. ನನ್ನ ಚಮಚೆಯನ್ನು ನೋಡುತ್ತಿದ್ದರು. ಅದೇನು ಕೊಡುತ್ತಿರುವುದೆಂದು ಕೇಳಿದರು. ಗಂಜಿಯ ತಿಳಿ, ಭೇದಿಯಾಗಿದೆ ಎಂದೆ. ಟೊಪ್ಪಿಯನ್ನು ತೊಡೆಯ ಮೇಲೆ ತಿರುಗಿಸಿದರು. ಮತ್ತೆ ಟೊಪ್ಪಿಯನ್ನೇ ನೋಡುತ್ತ ಮಾತಾಡಿದರು.

"ನನ್ನ ದೊಡ್ಡವನಿಗೆ ಹೀಗೇ ಆಗಿತ್ತು, ಶೆಟ್ರೇ. ನೀರು ಕೊಡಬೇಡ ಅಂತ ಎಲ್ಲರೂ ಹೇಳಿದರು. ನಾವು ಕೊಡ್ಲಿಲ್ಲ. ಎರಡು ದಿವಸ ಕೇಳಿದ. ಮತ್ತೆ ಕೇಳ್ಲಿಲ್ಲ."

ಒಂಬತ್ತು ವರ್ಷದಿಂದ ದಿನವೂ ಆ ಮನುಷ್ಯನ ಮುಖ ನೋಡುತ್ತಿದ್ದೇನೆ. ಅವರಿಗೆ ಒಬ್ಬ ದೊಡ್ಡವನಿದ್ದನೆಂದು ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು?

ಬಾಗಿಲ ಹತ್ತಿರದ ಹರಕೆ ನಿಂತಿತ್ತು. ಅಕ್ಕ ಎದ್ದಳು. ಒಳಗೆ ಕೈ ತೊಳೆಯುವ ಸದ್ದು ಕೇಳಿತು. ಬಂದು ನನ್ನೆದುರು ಕೂತು ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎಲ್ಲ ಚೆಲ್ತಾ ಉಂಟು. ಇಲ್ಲಿ ಕೊಡು" ಎಂದಳು.

ಚಮಚೆ ಕೈ ಬದಲಾಯಿಸಿತು. ಅಕ್ಕ ಕೊಡುವ ರೀತಿ ನೋಡಬೇಕಿತ್ತು ನೀವು. ನನ್ನ ಕೈಯಲ್ಲಿ ಅರ್ಧ ಕುತ್ತಿಗೆಗೆ ಇಳಿಯುತ್ತಿದ್ದದ್ದು ಅವಳ ಕೈಯಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ. ಎಷ್ಟು ಚಮಚೆ ಹೋಯಿತೋ, ಎಷ್ಟು ಹೊತ್ತು ಹೋಯಿತೋ. ಬಾಂಗ್ ಇನ್ನೂ ಕೇಳಿರಲಿಲ್ಲ. ಇದ್ದಕ್ಕಿದ್ದಂತೆ ನನ್ನ ತೊಡೆ ಬಿಸಿಯಾಯಿತು. ಕಚೇರಿಗೆಂದು ಉಟ್ಟಿದ್ದ ಬಿಳಿ ಪಂಚೆ ಒದ್ದೆ. ಬಿಸಿ ಕೆಳಗಿಳಿದು ಜಗಲಿಯ ಗಾರೆಯ ಮೇಲೆ ಹರಿಯಿತು.

ನಾನು ಕೂತಲ್ಲೇ ಅತ್ತೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಹೌದು, ಅತ್ತೆ. ಕೊರಗಪ್ಪನವರು ಮುಖವನ್ನು ಆಚೆಗೆ ತಿರುಗಿಸಿದರು. ಅಕ್ಕ ಚಮಚೆ ಇಟ್ಟು ಹಿತ್ತಲಿಗೆ ನಡೆದಳು. ಗೋಡೆಯ ಹತ್ತಿರ ಅವಳ ಸ್ವರ ಕೇಳಿತು. ಬಂದು ತಿಂಗಳಾದರೂ ಒಂದು ದಿನವೂ ಆ ಕಡೆಗೆ ತಿರುಗದವಳು, ಹೆಸರು ಹಿಡಿದು ಕರೆದಳು.

"ಐಸಮ್ಮ, ಮೂತ್ರ ಹೋಯಿತು."

ಒದ್ದೆ ಪಂಚೆಯಲ್ಲೇ ಮೆಮೊಗೆ ಸಹಿ ಹಾಕಿದೆ. ಜಟಕಾವನ್ನು ಕಳಿಸಲಿಲ್ಲ, ಸಂಜೆ ಅದರಲ್ಲೇ ಡಾಕ್ಟರ ಹತ್ತಿರ ಹೋದೆವು, ಅಕ್ಕನೂ ಬಂದಳು. ಡಾಕ್ಟರು ಮಗುವಿನ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿದರು, ನಾಲಿಗೆ ನೋಡಿದರು, ಏನೇನು ಕೊಟ್ಟಿರೆಂದು ಕೇಳಿದರು. ಬಾಂಗಿಗೆ ಕಾದು ಕೂತದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಇಂಜೆಕ್ಷನ್ ಬೇಡವೇ ಎಂದು ಅಕ್ಕ ಕೇಳಿದಳು. ಇದಕ್ಕೆ ಇಂಜೆಕ್ಷನ್ ಬೇಡ, ಈಗ ಮಾಡುತ್ತಿರುವುದನ್ನೇ ಬಿಡದೆ ಮಾಡಿ, ಹಸಿವೆಂದರೆ ಮೆತ್ತಗಿನ ಅನ್ನ ಕೊಡಿ, ಇವತ್ತಿನ ಹಾಗೆ ಮತ್ತೆ ಮೂತ್ರ ನಿಂತರೆ ಯಾವ ಬಾಂಗಿಗೂ ಕಾಯದೆ ಬನ್ನಿ ಎಂದರು. ತಡ ಮಾಡಿದಿರಿ ಎಂಬ ಆ ಪೆಟ್ಟು ನನಗೆ ಸರಿಯಾಗಿಯೇ ತಾಗಿತು.

ಮಂಗಳವಾರವೂ ಮನೆಯಲ್ಲೇ ಉಳಿದೆ. ಆ ಹೊತ್ತಿಗೆ ಅಕ್ಕನೇ ಚಮಚೆಯ ಯಜಮಾನಿ, ನಾನು ಹೋಗಬಹುದಿತ್ತು. ಹೋಗಲಿಲ್ಲ. ಮಗು ಎದ್ದು ಕೂತು, ಚಾಪೆಯ ಮೇಲೆ ಬೆಂಕಿಪೆಟ್ಟಿಗೆಗಳ ರೈಲು ಮಾಡುವುದನ್ನು ನೋಡುತ್ತ ಕೂತಿದ್ದೆ. ಅದಕ್ಕೆ ಯಾರ ಅನುಮತಿ ಬೇಕು?

ಬುಧವಾರ ಹೆಡ್ ಕ್ಲಾರ್ಕ್ ನನ್ನನ್ನು ಮೂಲೆಗೆ ಕರೆದರು. ಹೊಸ ಅರ್ಜಿಯೊಂದನ್ನು ಅವರೇ ಬರೆದಿಟ್ಟಿದ್ದರು. ಕಾರಣ: ಸ್ವಂತ ಅನಾರೋಗ್ಯ. ಸಹಿ ಮಾಡಿದರೆ ಮೆಮೊ ಹರಿದುಹೋಗುತ್ತದೆ, ಬರುವ ವರ್ಷ ನಿಮ್ಮ ಬಡ್ತಿಯ ಮಾತು ಬೇರೆ ಇದೆ, ಹಟ ಯಾಕೆ ಶೆಟ್ರೇ ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅದು ನನಗೆ ಗೊತ್ತು.

ಸಹಿ ಮಾಡಲಿಲ್ಲ. ಮೆಮೊದ ಕೆಳಗೆ ಉತ್ತರ ಬರೆದೆ: "ಮಗಳಿಗೆ ಭೇದಿಯಾಗಿತ್ತು. ನಾನು ತಂದೆ."

ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಎರಡು ದಿನ ಗೈರುಹಾಜರಿ ಬಿತ್ತು. ಬಡ್ತಿ ಏನಾಗುತ್ತದೋ ತಿಳಿಯದು. ಸಹೋದ್ಯೋಗಿಗಳು ನನಗೆ 'ಬಾಣಂತಿ ಶೆಟ್ರು' ಎಂದು ಹೊಸ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಅದಕ್ಕಿಂತ ಕೆಟ್ಟ ಹೆಸರುಗಳನ್ನು ಹೊತ್ತು ತಿರುಗುವ ಗಂಡಸರು ಊರಲ್ಲಿ ಬೇಕಾದಷ್ಟಿದ್ದಾರೆ.

ನಾವು ಗಂಡಸರು ಒಂದು ಮಾತನ್ನು ಬಹಳ ಸುಲಭವಾಗಿ ಹೇಳುತ್ತೇವೆ: 'ಅದೆಲ್ಲ ಹೆಂಗಸರಿಗೆ ಗೊತ್ತು.' ಜ್ವರ ಬಂದರೆ ಅವರಿಗೆ ಗೊತ್ತು, ವಾಂತಿಯಾದರೆ ಅವರಿಗೆ ಗೊತ್ತು. ಸರಿಯಾದರೆ ನಮ್ಮ ಮನೆಯವರು ಜಾಣೆ, ತಪ್ಪಾದರೆ ಹಳ್ಳಿಯ ಮೂಢನಂಬಿಕೆ. ಅಕ್ಕನಿಗೆ ಆ ತಪ್ಪು ಲೆಕ್ಕವನ್ನು ಕಲಿಸಿದವರೂ ಯಾರೋ ಭಯಪಟ್ಟ ಹೆಂಗಸರೇ, ಪಕ್ಕದಲ್ಲಿ ಕೂತು ಜೊತೆಗೆ ಯೋಚಿಸುವ ಒಬ್ಬ ಗಂಡಸೂ ಇಲ್ಲದೆ ಮಕ್ಕಳನ್ನು ಕಾದವರು. ಮನೆಯ ಮದ್ದು ಇರಬೇಕು. ಕಷಾಯವೂ ಇರಲಿ, ಡಾಕ್ಟರೂ ಇರಲಿ. ಆದರೆ ಹಾಸಿಗೆಯ ಪಕ್ಕದಲ್ಲಿ ಕೂತು ಕಣ್ಣಿಟ್ಟು ನೋಡುವವರು ಇಲ್ಲದಿದ್ದರೆ ಎರಡೂ ಕೆಲಸಕ್ಕೆ ಬಾರದವು.

ಸ್ವಾಮೀ, ನಿಮ್ಮ ಮಗು ಕಳೆದ ಸಲ ಕಾಯಿಲೆ ಬಿದ್ದು ಮಲಗಿದ್ದಾಗ ನೀವು ಎಲ್ಲಿದ್ದಿರಿ?